ಡಿ.ಎಲ್.ಎಡ್ ಪ್ರಶಿಕ್ಷಣಾರ್ಥಿಗಳಿಗೆ ಕುಣಿತ, ನಾಟಕ ಕಲಿಸೋದು: ಎಲ್ಲಿಂದ ಶುರು ಮಾಡಬೇಕು?

ತೊಗರಿಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಡಿ.ಎಲ್.ಎಡ್ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಕಾಲೇಜಿನಲ್ಲಿ ಕಲಾ ಶಿಕ್ಷಣದ ವಿಷಯ ಈ ಸಲ ನನ್ನ ಪಾಲಿಗೆ ಬಂದಿದೆ. ಚಿತ್ರಕಲೆ, ಕರಕುಶಲಕ್ಕೆ ತೊಂದರೆಯಿಲ್ಲ. ನೃತ್ಯ ಮತ್ತು ನಾಟಕಕ್ಕೆ ವಾರಕ್ಕೆ ಎರಡು ಪೀರಿಯಡ್‌ನಂತೆ ಆರು ವಾರ ಇದೆ. ಪ್ರಶಿಕ್ಷಣಾರ್ಥಿಗಳು 40 ಜನ, ಹೆಚ್ಚಿನವರು ಹೆಣ್ಣುಮಕ್ಕಳು, ನೃತ್ಯ ಕಲಿತವರು ಯಾರೂ ಇಲ್ಲ. ಇಂಟರ್ನ್‌ಶಿಪ್‌ಗೆ ಹೋದ ತಕ್ಷಣ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆಂದು ಕೇಳುವುದು ಒಂದೇ, "ಗ್ಯಾದರಿಂಗ್‌ಗೆ ಎರಡು ಡಾನ್ಸ್ ರೆಡಿ ಮಾಡಿಸಿಬಿಡ್ರಿ". ಇವರು ಮೊಬೈಲ್ ನೋಡಿ ಸಿನಿಮಾ ಹಾಡಿನ ಸ್ಟೆಪ್ ಹಾಕಿಸುತ್ತಾರೆ. ಮುಂದಿನ ಸಾಲಿನ ಏಳೆಂಟು ಮಕ್ಕಳು ಕುಣಿಯುತ್ತಾರೆ, ಉಳಿದವರು ಗೋಡೆಗೆ ಆತು ನಿಲ್ಲುತ್ತಾರೆ.

1ರಿಂದ 5ನೇ ತರಗತಿಯ ಎಲ್ಲ ಮಕ್ಕಳನ್ನೂ ಒಳಗೊಂಡು ಪಾಠ ಮಾಡಲು ಇವರಿಗೆ ಏನು ಕಲಿಸಬೇಕು, ಯಾವ ಕ್ರಮದಲ್ಲಿ? ನಾಟಕಕ್ಕೆ ಸ್ಕ್ರಿಪ್ಟ್ ಕೊಡಲೋ ಬೇಡವೋ?

ಹಲಗಿಸದ್ದು (ಚಿತ್ತಾಪುರ)

ಮೇಡಂ, ಮೊದಲ ಎರಡು ವಾರ ಸ್ಪೀಕರ್ ಮುಟ್ಟಬ್ಯಾಡ್ರಿ. ರೆಕಾರ್ಡಿಂಗ್ ಹಾಡು ಮಕ್ಕಳ ಸಲುವಾಗಿ ನಿಂದ್ರಂಗಿಲ್ಲ. ಒಬ್ಬ ತಪ್ಪಿದ್ರ ಮತ್ತ ಮೊದಲಿಂದ ಹಚ್ಚಬೇಕು, ಅಷ್ಟರಾಗ ಪೀರಿಯಡ್ ಮುಗೀತದ. ಬಾಯಿತಾಳ, ಚಪ್ಪಾಳಿ, ಸಿಕ್ಕರ ಒಂದು ಹಲಗಿ ಸಾಕು.

ತಾಳದಾಗ ಕೆಹರವಾ ಎಂಟು ಮಾತ್ರಿ (ಎಣಿಕಿ), ದಾದ್ರಾ ಆರು ಮಾತ್ರಿ. ಈ ಎರಡು ಗಟ್ಟಿ ಆದ್ರ ಪ್ರಾಥಮಿಕ ಶಾಲಿಗೆ ಬೇಕಾದ ಬಹುತೇಕ ಹಾಡು ನಡೀತಾವ. ಮೊದಲು ಎಂಟು ಮಾತ್ರಿ ಕಾಲಾಗ ಇಳೀಬೇಕು. ಒಂದರ ಮ್ಯಾಲ ಗಟ್ಟಿ ಹೆಜ್ಜಿ, ಐದರ ಮ್ಯಾಲ ಚಪ್ಪಾಳಿ, ಉಳಿದದ್ದು ಸಾದಾ ನಡಿಗಿ. ಅದು ಬಂದ ಮ್ಯಾಲ ಎಣಿಕಿ ಬಾಯಾಗ ಬ್ಯಾಡ, ಮನಸಿನಾಗ ಇರ್ಲಿ. ಸಪ್ಪಳಿಲ್ಲದ ಎಂಟು ಮಾತ್ರಿ ನಡೆದು 40 ಜನಾನೂ "ಒಂದು" ಒಟ್ಟಿಗೆ ತುಳಿದ್ರ ಲಯ ಕೂತದ ಅಂತ ತಿಳೀರಿ. ಇಲ್ಲಿ ಹಾದಿ ತಪ್ಪೋದು ಗತಿ ಏರಿ. ಚಪ್ಪಾಳಿ ಜೋರಾದಂಗ ಮಕ್ಕಳು ಓಡ್ತಾವ, ಶಿಕ್ಷಕಿನೂ ಅವರ ಬೆನ್ನ ಹತ್ತತಾಳ. "ಸಾವಕಾಶ, ಸಾವಕಾಶ" ಅಂತ ಒದರಿದ್ರ ಉಪಯೋಗಿಲ್ಲ. ಎರಡು ಬೆರಳಲೆ ಚಪ್ಪಾಳಿ ಹೊಡಸ್ರಿ. ಸಪ್ಪಳ ಇಳಿದ್ರ ಗತಿನೂ ಇಳೀತದ.

ಇನ್ನ ಕೋಲಾಟ. 1, 2ನೇ ತರಗತಿಗೆ ಕೋಲು ಬ್ಯಾಡ್ರಿ, ಅಂಗೈ ಸಾಕು. 3ರಿಂದ 5ಕ್ಕ 12 ಇಂಚಿನ ಕೋಲು, ಹೆಬ್ಬೆರಳ ದಪ್ಪ. ಬಿದಿರಾದ್ರ ಗಣಿಕಿ ಕೆತ್ತಿ ಪಾಲಿಶ್ ಪೇಪರ್ ತಿಕ್ಕಬೇಕು, ಇಲ್ಲಂದ್ರ ಸಿಬರು ಚುಚ್ಚತದ. ಕೆಳಗಿಂದ ಮೂರು ಬೆರಳು ಬಿಟ್ಟು ಹಿಡೀಬೇಕು, ಪೆಟ್ಟು ಕೋಲಿನ ಮ್ಯಾಲಿನ ಭಾಗದಾಗ ಬೀಳಬೇಕು. ಹುಡುಗ್ರು ನಟ್ಟನಡುವ ಹಿಡೀತಾವ, ಅದಕ್ಕೇ ಬೆರಳಿಗೆ ಪೆಟ್ಟು. ಕೋಲು ಕೂಡೋದು ಎದಿ ಮಟ್ಟದಾಗ, ಮುಖದ ಮಟ್ಟಕ್ಕ ಬಂತಂದ್ರ ಕೂಡ್ಲೆ ನಿಲ್ಲಸ್ರಿ.

ಒಳಗೊಂದು, ಹೊರಗೊಂದು ಸುತ್ತು ಮಾಡಿ ಜೋಡಿ ಎದುರುಬದುರು ನಿಂದ್ರಲಿ. ಹೆಜ್ಜಿ ಹೀಂಗ: ಒಂದು ತನ್ನ ಕೋಲು ತಾನೇ, ಎರಡು ಎದುರಿನವನ ಬಲಗೋಲಿಗೆ ತನ್ನ ಬಲಗೋಲು, ಮೂರು ಮತ್ತ ತನ್ನದು, ನಾಕು ಎಡಕ್ಕ ಎಡ. ಐದರಿಂದ ಎಂಟು, ನಾಕು ಹೆಜ್ಜಿ ಹಾಕಿ ಮುಂದಿನ ಜೊತಿಗಾರನ ಎದುರು. ಒಳಗಿನ ಸುತ್ತು ನಿಂತಲ್ಲೇ ನಿಂದ್ರಲಿ, ಹೊರಗಿನ ಸುತ್ತು ಮಾತ್ರ ಸರೀಲಿ. ಎರಡೂ ಸರಿದ್ರ ಮುಂದಿನ ಜೊತಿಗಾರ ಯಾರು ಅನ್ನೋದೇ ತಿಳಿಯಂಗಿಲ್ಲ, ನಾಕನೇ ಸುತ್ತಿಗೆ ಸಂತಿ ಆಗ್ತದ.

ಜಾಗದ ಲೆಕ್ಕ: ಒಂದು ಜೋಡಿಗೆ 4 ಅಡಿ. 20 ಜೋಡಿಗೆ ಸುತ್ತಳತಿ 80 ಅಡಿ, ಅಂದ್ರ ಅಡ್ಡಗಲ 25 ಅಡಿ ಮ್ಯಾಲ. ಅಷ್ಟು ಜಾಗ ಇಲ್ಲಂದ್ರ 10 ಜೋಡಿ ಕುಣೀಲಿ, 13 ಅಡಿ ಸಾಕು, ಉಳಿದವರು ಹಾಡಲಿ. ನಡುವ ಒಬ್ಬರು ಹಗ್ಗ ಹಿಡಿದು ನಿಂತು ಸುಣ್ಣದಲೆ ಗೆರಿ ಹಾಕಸ್ರಿ. ಗೆರಿ ಇಲ್ಲದ ಸುತ್ತು ಒಳಗ ಒಳಗ ಬರ್ತದ, ಕೋಲು ಮಾರಿಗೆ ಹತ್ತತಾವ. ಬೆಸ ಸಂಖ್ಯೆ ಆಗಿ ಒಬ್ಬ ಉಳಿದ್ರ ನಡುವ ಹಲಗಿ ಕೊಡ್ರಿ, ಪ್ರತಿ ಹಾಡಿಗೆ ಆ ಜಾಗ ಬದಲಿ ಮಾಡ್ರಿ.

ಇನ್ನೊಂದು ಮಾತು. ಎದುರು ನಿಂತು ಕಲಸೋವಾಗ "ಬಲಗಾಲು" ಅಂತ ಹೇಳಿ ತನ್ನ ಎಡಗಾಲು ಎತ್ತಬೇಕು. ಇದನ್ನ ಬ್ಯಾರೆ ರೂಢಿ ಮಾಡಸ್ರಿ, ಒಂದೇ ದಿನಕ್ಕ ಬರಂಗಿಲ್ಲ.

ರಂಗಮೂಲೆ (ಬೀದರ್)

ಸ್ಕ್ರಿಪ್ಟ್ ಬೇಡ. ಸ್ಕ್ರಿಪ್ಟ್ ಕೊಟ್ಟರೆ ಚೆನ್ನಾಗಿ ಓದುವ ಐದು ಮಕ್ಕಳಿಗೆ ಪಾತ್ರ ಸಿಗುತ್ತದೆ, ಉಳಿದವರು ಮರ, ಬಂಡೆ, ಸಿಪಾಯಿ ಆಗುತ್ತಾರೆ. ಮಾತು ಬಾಯಿಪಾಠ ಮಾಡಿಸುವುದರಲ್ಲೇ ತಿಂಗಳು ಹೋಗುತ್ತದೆ.

ಮಕ್ಕಳಿಗೆ ಗೊತ್ತಿರುವ ಕಥೆ ಹಿಡಿಯಿರಿ. ಕಾಗಕ್ಕ ಗುಬ್ಬಕ್ಕನ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು. ಕಾಗಕ್ಕನದು ಸೆಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ, ಮಳೆ ಬರುತ್ತದೆ, ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಮುಂದೇನಾಗುತ್ತದೆ ಎಂಬುದು ಮನೆಯಿಂದ ಮನೆಗೆ ಬೇರೆ, ಆದ್ದರಿಂದ ಮೊದಲು ಮಕ್ಕಳ ಬಾಯಲ್ಲೇ ಹೇಳಿಸಿ.

40 ನಿಮಿಷದ ಪಾಠದಲ್ಲಿ ಮೊದಲ ಐದು ನಿಮಿಷ ಬರೀ "ನಡೆ–ನಿಲ್ಲು" ಸಂಜ್ಞೆ. ಒಂದು ಚಪ್ಪಾಳೆಗೆ ನಡೆ, ಎರಡಕ್ಕೆ ಕಲ್ಲಿನಂತೆ ನಿಲ್ಲು. ಇದು ಗಟ್ಟಿಯಾಗದೆ ಕಥೆಗೆ ಕೈ ಹಾಕಬಾರದು. ಗದ್ದಲ ಆಯಿತು, ನಾಟಕದ ಪಾಠ ಆಗಲ್ಲ ಎಂದು ಕೈಬಿಡುವವರಲ್ಲಿ ಹೆಚ್ಚಿನವರು ಈ ಐದು ನಿಮಿಷ ಉಳಿಸಲು ಹೋದವರು. ಆಮೇಲೆ ಕಥೆಯನ್ನು ಐದು ಘಟನೆಯಾಗಿ ಒಡೆದು, ಎಂಟೆಂಟು ಜನರ ಐದು ಗುಂಪಿಗೆ ಒಂದೊಂದು ಕೊಡಿ. ಪ್ರತಿ ಗುಂಪು ಸ್ತಬ್ಧಚಿತ್ರ ಮಾಡಲಿ, ಐದು ಎಣಿಸುವವರೆಗೆ ಅಲುಗಾಡದೆ. ನಗು ಬರುವುದು ಒಬ್ಬರನ್ನೊಬ್ಬರು ನೋಡಿದಾಗ. ಗೋಡೆಯ ಮೇಲೆ ಒಂದು ಗುರುತು ತೋರಿಸಿ ಅದನ್ನೇ ನೋಡಲು ಹೇಳಿ. ಚಿತ್ರ ನಿಂತ ಮೇಲೆ ಶಿಕ್ಷಕಿ ಒಂದು ಮಗುವಿನ ಭುಜ ಮುಟ್ಟಿದರೆ ಆ ಪಾತ್ರ ಒಂದು ಮಾತು ಆಡಬೇಕು. ಹೀಗೆ ಬಂದ ಮಾತೇ ನಿಮ್ಮ ಸಂಭಾಷಣೆ.

ಮಳೆಗೆ ಇಡೀ ತರಗತಿ ಬೇಕು: ಅಂಗೈ ಉಜ್ಜುವುದು, ಚಿಟಿಕೆ, ತೊಡೆ ತಟ್ಟುವುದು, ನೆಲ ಬಡಿಯುವುದು, ಮತ್ತೆ ಅದೇ ದಾರಿಯಲ್ಲಿ ವಾಪಸ್. ಮಳೆ ನಿಲ್ಲಿಸುವುದನ್ನೂ ಕಲಿಸಿ, ಇಲ್ಲವಾದರೆ ನೆಲ ಬಡಿಯುವುದು ನಿಲ್ಲುವುದೇ ಇಲ್ಲ.

ಕೊನೆಗೆ ಶಿಕ್ಷಕಿಯೇ ಕಾಗಕ್ಕ. ಹೆಗಲ ಮೇಲೆ ಕರಿ ದುಪಟ್ಟಾ ಬಂದರೆ ಕಾಗಕ್ಕ, ತೆಗೆದರೆ ಟೀಚರ್. ಈ ಗುರುತು ಇಲ್ಲದಿದ್ದರೆ ಟೀಚರ್ ನಿಜವಾಗಿ ಬೈದರೋ ಪಾತ್ರವಾಗಿ ಬೈದರೋ ಎಂದು ಚಿಕ್ಕ ಮಕ್ಕಳಿಗೆ ತಿಳಿಯದೆ ಅಳುತ್ತವೆ. ಮಕ್ಕಳು ಎದುರುಬದುರು ಎರಡು ಸಾಲಾಗಿ ನಿಲ್ಲಲಿ. ಕಾಗಕ್ಕ ನಡುವೆ ನಡೆದು ಬರುವಾಗ ಒಂದು ಸಾಲು "ಬಾಗಿಲು ತೆಗಿ" ಎನ್ನಲು ಕಾರಣ ಕೊಡಲಿ, ಇನ್ನೊಂದು "ತೆಗೀಬ್ಯಾಡ" ಎನ್ನಲು. 3ನೇ ತರಗತಿ ಮಕ್ಕಳು ಕೊಡುವ ಕಾರಣ ಕೇಳಿದರೆ ಕಥೆ ಎಷ್ಟು ಅರ್ಥವಾಗಿದೆ ಎಂದು ತಿಳಿಯುತ್ತದೆ.

ಕಲಬುರಗಿ ರಂಗಾಯಣದ ಕಲಾವಿದರನ್ನು ಕರೆಸುವುದಾದರೆ ಪ್ರದರ್ಶನ ಕೇಳಬೇಡಿ. ಪಕ್ಕದ ಶಾಲೆಯ ಮಕ್ಕಳಿಗೆ ಅವರು ಒಂದು ಪಾಠ ಮಾಡಲಿ, ನಿಮ್ಮವರು ಕುಳಿತು ಬರೆದುಕೊಳ್ಳಲಿ.

ಭೀಮಾತೀರ (ಯಾದಗಿರಿ)

ಮೇಲಿನದಕ್ಕೆ ಸೇರಿಸುವುದು ಭಾಷೆಯ ವಿಷಯ. ಗುರುಮಠಕಲ್ ಕಡೆ ಮನೆಮಾತು ತೆಲುಗು, ಔರಾದ್ ಕಡೆ ಮರಾಠಿ, ತಾಂಡಾ ಮಕ್ಕಳದು ಲಂಬಾಣಿ, ಊರೊಳಗೆ ಉರ್ದು. ಭುಜ ಮುಟ್ಟಿದಾಗ ಮಗು ಮನೆಮಾತಲ್ಲೇ ಹೇಳಲಿ. ಎರಡನೇ ಸುತ್ತಿನಲ್ಲಿ ಅದನ್ನೇ ಕನ್ನಡದಲ್ಲಿ ಹೇಳಲು ಪಕ್ಕದವನು ನೆರವಾಗಲಿ. ಮೊದಲೇ "ಕನ್ನಡದಾಗ ಹೇಳು" ಅಂದರೆ ಆ ಮಗು ಪೀರಿಯಡ್ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ. ತಾಂಡಾ ಮಕ್ಕಳಿದ್ದರೆ ಲಂಬಾಣಿ ಕುಣಿತಕ್ಕೆ ಅವರ ಮನೆಯ ಹೆಣ್ಣುಮಕ್ಕಳನ್ನೇ ಶಾಲೆಗೆ ಕರೆಯಿರಿ. ಬಾಡಿಗೆ ಡ್ರೆಸ್ ತಂದು ಸಿನಿಮಾ ಹಾಡಿಗೆ ಕುಣಿಸುವುದು ಲಂಬಾಣಿ ಕುಣಿತವಲ್ಲ.

ಹಲಗಿಸದ್ದು ಅವರ ಸ್ಪೀಕರ್ ಮಾತು ಅರ್ಧ ಒಪ್ಪುತ್ತೇನೆ. ಗ್ಯಾದರಿಂಗ್ ತಪ್ಪಿಸಲು ಆಗುವುದಿಲ್ಲ, ಅದಕ್ಕೂ ತಯಾರಿ ಬೇಕು. ಐದನೇ ವಾರ ರೆಕಾರ್ಡಿಂಗ್ ತನ್ನಿ, ಮೂರು ನಿಮಿಷಕ್ಕಿಂತ ಉದ್ದದ್ದು ಬೇಡ. ಮಕ್ಕಳನ್ನು ಮೂರು ಸಾಲು ಮಾಡಿ ಪ್ರತಿ 16 ಮಾತ್ರೆಗೆ ಮುಂದಿನ ಸಾಲು ಎರಡೂ ಬದಿಯಿಂದ ಹಿಂದೆ ಹೋಗಲಿ, ಹಿಂದಿನದು ಮುಂದೆ ಸರಿಯಲಿ. ಎಲ್ಲ ಮಕ್ಕಳೂ ಮುಂದೆ ಬರುತ್ತಾರೆ, ತಾಯಂದಿರ ತಕರಾರೂ ಇರುವುದಿಲ್ಲ.

ಮುಖ್ಯಗುರುಗಳು "ಇದೆಲ್ಲ ಯಾಕೆ, ಗಣಿತ ಮಾಡಿಸ್ರಿ" ಅಂದರೆ ತೋರಿಸಲು: ಸಂಗೀತ, ನೃತ್ಯ, ದೃಶ್ಯಕಲೆ, ನಾಟಕ ನಾಲ್ಕೂ ಸೇರಿದ ಕಲಾ ಶಿಕ್ಷಣ 10ನೇ ತರಗತಿವರೆಗೆ ವಿಷಯವಾಗಿಯೇ ಇರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇದೆ.

ಬೇಸಿಗೆಯಲ್ಲಿ ಮೊದಲ ಪೀರಿಯಡ್ ಬಿಟ್ಟು ಹೊರಗೆ ಕುಣಿಸಬೇಡಿ. ನಮ್ಮ ಬಿಸಿಲಿಗೆ ಹತ್ತು ಗಂಟೆಯ ಸಿಮೆಂಟ್ ನೆಲ ಬರಿಗಾಲಿಗೆ ಆಗುವುದಿಲ್ಲ.

ತೊಗರಿಕಣಜ

ತುಂಬ ಉಪಯೋಗವಾಯಿತು. ಎರಡು ಪ್ರಶ್ನೆ ಉಳಿದವು. ಹುಡುಗರು ಇದ್ದರೆ ಹುಡುಗಿಯರು ಕೈಯೇ ಎತ್ತುವುದಿಲ್ಲ, ಇದಕ್ಕೆ ಏನು ಮಾಡಲಿ? ಅಂಕ ಯಾವುದಕ್ಕೆ ಕೊಡಲಿ? ಮತ್ತೆ ಹಲಗಿಸದ್ದು ಸರ್, ಕೋಲು ಎಲ್ಲಿ ಮಾಡಿಸಲಿ?

ರಂಗಮೂಲೆ (ಬೀದರ್)

ಒಬ್ಬೊಬ್ಬರನ್ನೇ ಮುಂದೆ ಕರೆಯಬೇಡಿ. ಎಲ್ಲರೂ ಸುತ್ತಾಗಿ, ಮುಖ ಹೊರಗೆ ಮಾಡಿ ನಿಲ್ಲಲಿ. ಯಾರಿಗೂ ಯಾರೂ ಕಾಣುವುದಿಲ್ಲ. "ಡಾನ್ಸ್" ಎಂಬ ಮಾತೇ ಎತ್ತದೆ ರೊಟ್ಟಿ ಬಡಿಯಲು ಹೇಳಿ. ಆರು ಮಾತ್ರೆ ಬಡಿಯುವುದು, ಏಳರಲ್ಲಿ ಎತ್ತುವುದು, ಎಂಟರಲ್ಲಿ ಹೆಂಚಿಗೆ ಹಾಕುವುದು. ಮುಂದೆ ಅದೇ ಕೆಲಸ ದುಪ್ಪಟ್ಟು ದೊಡ್ಡದಾಗಿ, ಇಡೀ ತೋಳು ಬಳಸಿ. ಆಮೇಲೆ ಅರ್ಧ ಗತಿಯಲ್ಲಿ, ಕುಕ್ಕರಗಾಲಿನಿಂದ ಶುರುವಾಗಿ ಎಂಟಕ್ಕೆ ಎದ್ದು ನಿಲ್ಲುವಂತೆ. ಆಮೇಲೆ ನಾಲ್ಕು ಹೆಜ್ಜೆ ಸೇರಿಸಿ. ತೊಗರಿ ಬಡಿಯುವುದು, ರಾಶಿ ತೂರುವುದು ಸೇರಿದರೆ ನಾಲ್ಕೈದು ನಿಮಿಷದ ಕುಣಿತ ಅವರೇ ಕಟ್ಟಿರುತ್ತಾರೆ. 4ನೇ ತರಗತಿಗೂ ಇದೇ ದಾರಿ ನಡೆಯುತ್ತದೆ.

ಅಂಕ ಚೆನ್ನಾಗಿ ಕುಣಿದದ್ದಕ್ಕೆ ಬೇಡ, ಕಲಿಸಿದ್ದಕ್ಕೆ ಕೊಡಿ. ಕೊನೆಯ ಎರಡು ವಾರ ತಲಾ ಹತ್ತು ನಿಮಿಷದ ಸೂಕ್ಷ್ಮ ಬೋಧನೆ (ಸಹಪಾಠಿಗಳನ್ನೇ ಮಕ್ಕಳಾಗಿಸಿ ಮಾಡುವ ಕಿರು ಪಾಠ). ಒಂದು ಪೀರಿಯಡ್‌ಗೆ 40 ಜನ ಹಿಡಿಯುವುದಿಲ್ಲ, ಎಂಟೆಂಟು ಜನರ ಐದು ಗುಂಪು ಏಕಕಾಲಕ್ಕೆ ನಡೆಯಲಿ, ಒಬ್ಬರು ಕಲಿಸುವಾಗ ಒಬ್ಬರು ಗಡಿಯಾರ ಹಿಡಿದು ವೀಕ್ಷಿಸಲಿ. 25 ಅಂಕವನ್ನು ಐದೈದಾಗಿ ಹಂಚಿ: ಪಾಠ ಯೋಜನೆ, ಜಾಗ ಮತ್ತು ನಿಲ್ಲುವ ಸಂಜ್ಞೆ, ಹೆಜ್ಜೆ ಒಡೆದು ಹೇಳಿದ ರೀತಿ, ಸುಮ್ಮನೆ ನಿಂತವರು ಎಷ್ಟು ಜನ, ಮುಗಿದ ಮೇಲೆ ಮಕ್ಕಳನ್ನು ಕೇಳಿದ ಪ್ರಶ್ನೆ. ನಾಲ್ಕನೆಯದನ್ನು ಅಂದಾಜಿನಲ್ಲಿ ಬೇಡ, ವೀಕ್ಷಕರು ಎರಡು ನಿಮಿಷಕ್ಕೊಮ್ಮೆ ಎಣಿಸಿ ಬರೆಯಲಿ. ಮೊದಲ ಸೂಚನೆ ಎರಡು ನಿಮಿಷ ದಾಟಿದರೆ ಒಂದು ಅಂಕ ಕಡಿಮೆ. ಅಷ್ಟು ಹೊತ್ತು ಮಾತಾಡಿದರೆ ಚಿಕ್ಕ ಮಕ್ಕಳು ಆಗಲೇ ತಮ್ಮದೇ ಆಟ ಶುರು ಮಾಡಿರುತ್ತಾರೆ.

ಹಲಗಿಸದ್ದು (ಚಿತ್ತಾಪುರ)

ಬಡಿಗೇರ ಕಡೆ ಮಾಡಸ್ರಿ. ಒಬ್ಬರಿಗೆ ಎರಡರಂಗ 80 ಕೋಲು, ಮ್ಯಾಲ ಹತ್ತು ಹೆಚ್ಚಿಗಿ ಇರ್ಲಿ, ಒಡೀತಾವ. ನಿಮ್ಮವರು ದೊಡ್ಡವರು, ಅವರ ಕೈಗೆ 15 ಇಂಚು ಸರಿ. ಆದ್ರ ಶಾಲಿಗೆ ಹೋದ ಮ್ಯಾಲ ಅದೇ ಕೋಲು ಮಕ್ಕಳಿಗೆ ಕೊಟ್ಟಾರು, ಅದಕ್ಕ ಎಲ್ಲಾ 12 ಇಂಚಿಂದೇ ಮಾಡಸ್ರಿ. ಹಿಡಿಯೋ ಜಾಗಕ್ಕ ಕೆಂಪು ಟೇಪ್ ಸುತ್ತಿಸ್ರಿ. "ಕೆಂಪ ಹಿಡಿ" ಅಂದ್ರ 3ನೇ ತರಗತಿ ಹುಡುಗಗೂ ತಿಳೀತದ.