ಪಗಾರ ವಾಪಸ್ ಕೇಳುವ ಶಾಲೆ: ಸಂಘ ಕಟ್ಟಿದವರು, ಸೇರಿದವರು ನಿಮ್ಮ ಅನುಭವ ಹೇಳಿ

ಜಮಖಂಡಿ ತಾಲೂಕಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ 7 ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ರಾಜ್ಯ ಪಠ್ಯಕ್ರಮ, ಅನುದಾನ ಇಲ್ಲ. ಪ್ರತಿ ತಿಂಗಳು ಬ್ಯಾಂಕಿಗೆ 18,000 ಬರುತ್ತದೆ. ಮರುದಿನವೇ 7,000 ತೆಗೆದು ಆಫೀಸಿಗೆ ವಾಪಸ್ ಕೊಡಬೇಕು. ಈ ವರ್ಷ ಕೆಲವರು ಸೇರಿ ಸಂಘ ಮಾಡಿಕೊಳ್ಳೋಣ ಅಂತ ಮಾತಾಡಿದೆವು. ಸುದ್ದಿ ಆಡಳಿತ ಮಂಡಳಿಗೆ ಮುಟ್ಟಿತು. ‘ಸಂಘ ಅಂದವರು ಜೂನ್‌ಗೆ ಬರೋದು ಬೇಡ’ ಅಂತ ಹೇಳಿ ಕಳಿಸಿದ್ದಾರೆ. ಮನೆ ಸಾಲ ಇದೆ, ಹೆದರಿಕೆ ಆಗುತ್ತಿದೆ. ಇದನ್ನು ದಾಟಿ ಬಂದವರು ಏನು ಮಾಡಿದಿರಿ?

ಬಾಗಲಕೋಟೆಯಿಂದ, ಮೊದಲು ಕನ್ನಡ ಶಿಕ್ಷಕಿ

ನಮ್ಮಲ್ಲಿ ಇದಕ್ಕೆ ಒಂದು ಕವರ್ ಇರುತ್ತಿತ್ತು. ಕಂದು ಬಣ್ಣದ್ದು, ಮೇಲೆ ಪೆನ್ಸಿಲಿನಲ್ಲಿ ಹೆಸರು. ಪೆನ್ನಿನಲ್ಲಿ ಬರೆಯುವ ಹಾಗಿರಲಿಲ್ಲ. ದುಡ್ಡು ಎಣಿಸಿಕೊಂಡ ಮೇಲೆ ಹೆಸರು ಅಳಿಸಿ, ಅದೇ ಕವರನ್ನು ಮುಂದಿನ ತಿಂಗಳಿಗೆ ಎತ್ತಿಡುತ್ತಿದ್ದರು. ನಾಲ್ಕು ವರ್ಷ ಅಳಿಸಿ ಅಳಿಸಿ ನನ್ನ ಕವರ್ ಆ ಜಾಗದಲ್ಲಿ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಒಳಗಿನ ನೋಟು ಕಾಣುತ್ತಿತ್ತು.

ನಾನು ಒಬ್ಬಳೇ ಹೋಗಿ ಕೇಳಿದೆ. ‘ಯಾವ ದುಡ್ಡು ಅಕ್ಕೋರೆ? ಪೂರ್ತಿ ಪಗಾರ ನಿಮ್ಮ ಅಕೌಂಟಿಗೆ ಬಿದ್ದಿದೆಯಲ್ಲ?’ ಅಂದರು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಬೈಯುತ್ತಿದ್ದವರು ಯಾರೂ ಆವತ್ತು ತಲೆ ಎತ್ತಲಿಲ್ಲ. ಆ ವರ್ಷವೇ ಕೆಲಸ ಬಿಟ್ಟೆ.

ಬಿಟ್ಟ ಮೇಲೆ ಹೊಳೆದ ಮಾತು ಹೇಳುತ್ತೇನೆ. ಒಬ್ಬರ ಪಾಸ್‌ಬುಕ್ಕಿನಲ್ಲಿ 7,000 ತೆಗೆದದ್ದು ಏನನ್ನೂ ಹೇಳುವುದಿಲ್ಲ. ಅದೇ ತಾರೀಖಿಗೆ ಅಷ್ಟೇ ದುಡ್ಡು, ವರ್ಷವಿಡೀ, ಹತ್ತು ಜನರ ಪಾಸ್‌ಬುಕ್ಕಿನಲ್ಲಿ ಇದ್ದರೆ ಅದನ್ನು ಯಾರೂ ತಳ್ಳಿಹಾಕಲು ಬರುವುದಿಲ್ಲ. ಸಂಘದ ಹೆಸರು, ಬೋರ್ಡು ಆಮೇಲೆ. ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ, ಎಲ್ಲರೂ ಒಂದು ಕಡೆ ಇಟ್ಟು ನೋಡಿ. ನಾನು ಅದನ್ನು ಮಾಡಲಿಲ್ಲ ಅಂತ ಈಗಲೂ ಸಂಕಟ ಆಗುತ್ತದೆ.

ವಿಜಯಪುರದಿಂದ, ನಿವೃತ್ತ ಪ್ರೌಢಶಾಲಾ ಶಿಕ್ಷಕ, 20 ವರ್ಷಕ್ಕೂ ಜಾಸ್ತಿ ಸಂಘದ ಕೆಲಸ

ಮೊದಲು ಹೆದರಿಕೆಯ ಮಾತು. ‘ಜೂನ್‌ಗೆ ಬರಬೇಡಿ’ ಅಂತ ಬಾಯಿಮಾತಿನಲ್ಲಿ ಹೇಳಿ ತೆಗೆಯಲು ಬರುವುದಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ನೋಡಿ. ಆರೋಪ ಏನು ಅಂತ ಬರೆದು ಕೊಡಬೇಕು, ವಿಚಾರಣೆ ಮಾಡಬೇಕು, ನಿಮ್ಮ ಮಾತು ಕೇಳಬೇಕು. ಹಾಗೆ ಮಾಡದೆ ತೆಗೆದರೆ 94ನೇ ಕಲಂ ಪ್ರಕಾರ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅದು ನಡೆಯುವುದು ಜಿಲ್ಲಾ ನ್ಯಾಯಾಧೀಶರ ಮುಂದೆ. ಅವಧಿ ಮೂರು ತಿಂಗಳು. ಇದನ್ನು ಗಟ್ಟಿಯಾಗಿ ನೆನಪಿಡಿ. ‘ದೀಪಾವಳಿ ಆಗಲಿ, ಮಾತಾಡೋಣ’ ಅಂತ ಮಂಡಳಿಯವರು ಹೇಳುತ್ತಾರೆ, ನಂಬಿ ಕೂತವರ ಮೂರು ತಿಂಗಳು ಸದ್ದಿಲ್ಲದೆ ಮುಗಿದುಹೋಗುತ್ತದೆ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಎರಡನೆಯದು, ಖಾಲಿ ಹಾಳೆಯ ಮೇಲೆ ಸಹಿ ಮಾಡಬೇಡಿ. ಏಪ್ರಿಲ್‌ನಲ್ಲಿ ‘ಎಲ್ಲರದೂ ಫಾರ್ಮಾಲಿಟಿ’ ಅಂತ ಒಂದು ಕಾಗದ ತರುತ್ತಾರೆ. ಜೂನ್‌ನಲ್ಲಿ ಅದೇ ನಿಮ್ಮ ರಾಜೀನಾಮೆ ಆಗಿರುತ್ತದೆ.

ಈಗ ಸಂಘದ ಮಾತು. ಬರೀ ಶಿಕ್ಷಕರ ಸಂಘ ಮಾಡಬೇಡಿ, ಡ್ರೈವರ್, ಆಯಾ, ಕ್ಲರ್ಕ್ ಎಲ್ಲರನ್ನೂ ಸೇರಿಸಿಕೊಳ್ಳಿ. ಇದಕ್ಕೆ ಕಾರಣ ಇದೆ. 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆಗಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಅಂತ ಹೇಳಿತು. ಅಂದರೆ ಕಾರ್ಮಿಕ ವಿವಾದದ ಕಾನೂನಿನ ಬಾಗಿಲು ನಮಗಿಲ್ಲ. ಆದರೆ ಬಸ್ ಓಡಿಸುವವರಿಗೆ, ಕಸ ಗುಡಿಸುವವರಿಗೆ ಆ ಬಾಗಿಲು ಇದೆ. ನಮಗೆ ಶಿಕ್ಷಣ ಕಾಯ್ದೆ ಇದೆ. ಎರಡೂ ದಾರಿ ಗೊತ್ತಿರುವ ಸಂಘದ ಮುಂದೆ ಮಂಡಳಿ ಸ್ವಲ್ಪ ತಡೆದು ಮಾತಾಡುತ್ತದೆ. ಕಾರ್ಮಿಕ ಸಂಘವಾಗಿ ನೋಂದಣಿಗೂ, 1960ರ ಸಂಘಗಳ ನೋಂದಣಿ ಕಾಯ್ದೆಗೂ ಕನಿಷ್ಠ 7 ಜನ ಬೇಕು. ಎಷ್ಟೋ ಶಿಕ್ಷಕರ ಸಂಘಗಳು ಎರಡನೆಯ ದಾರಿ ಹಿಡಿದಿವೆ.

ಇನ್ನೊಂದು. ನಿಮ್ಮದು ಪ್ರೌಢಶಾಲೆ, ಹಾಗಾಗಿ ವಿಧಾನ ಪರಿಷತ್ತಿನ ವಾಯವ್ಯ ಶಿಕ್ಷಕರ ಕ್ಷೇತ್ರದಲ್ಲಿ ನಿಮಗೆ ಮತ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಸೇರಿದ ಕ್ಷೇತ್ರ ಅದು. ಹಿಂದಿನ ಚುನಾವಣೆ 2022ರಲ್ಲಿ ಆಯಿತು, ಮುಂದಿನದು 2028ಕ್ಕೆ. ಹೆಸರು ಸೇರಿಸಲು ನಮೂನೆ 19 ಕೊಡುವಾಗ, ಕಳೆದ 6 ವರ್ಷದಲ್ಲಿ 3 ವರ್ಷ ಕಲಿಸಿದ್ದಾರೆ ಅಂತ ಮುಖ್ಯೋಪಾಧ್ಯಾಯರು ಬರೆದು ಕೊಡಬೇಕು. ನೇಮಕಾತಿ ಆದೇಶ ಕೊಡದ ಶಾಲೆಯೂ ಇದನ್ನು ಕೊಡುತ್ತದೆ, ಮತ ಬೇಕಲ್ಲ! ಅದರ ಝೆರಾಕ್ಸ್ ಇಟ್ಟುಕೊಳ್ಳಿ. ನೀವು ಅಲ್ಲಿ ಕೆಲಸ ಮಾಡಿದಿರಿ ಅನ್ನುವುದಕ್ಕೆ ಅದೂ ಸಾಕ್ಷಿ.

ಬೆಳಗಾವಿಯಿಂದ, ಅನುದಾನಿತ ಶಾಲೆ

ಹಿರಿಯರು ಹೇಳಿದ್ದು ಸರಿ. ಆದರೂ ಕಣ್ಣು ಮುಚ್ಚಿ ಯಾವುದೋ ಸಂಘಕ್ಕೆ ಸೇರಬೇಡಿ. ನಾನು ಮೊದಲು ಸೇರಿದ್ದ ಸಂಘದಲ್ಲಿ ಮೂರು ವರ್ಷ ವಂತಿಗೆ ಕೊಟ್ಟೆ, ಒಂದು ರಸೀದಿ ಬರಲಿಲ್ಲ. ಸನ್ಮಾನ, ಶಾಲು, ಫೋಟೋ ಇವೇ ಜಾಸ್ತಿ. 2006ರ ಏಪ್ರಿಲ್ 1ರ ನಂತರ ಸೇರಿದ ನಮಗೆ ಹಳೇ ಪಿಂಚಣಿ ಇಲ್ಲ. ಅದರ ಬಗ್ಗೆ ಮನವಿ ಬರೆಯೋಣ ಅಂದರೆ ಅಧ್ಯಕ್ಷರಿಗೆ ಪುರುಸೊತ್ತು ಇರಲಿಲ್ಲ. ಲೆಕ್ಕಪತ್ರ ಸಭೆಯಲ್ಲಿ ಓದುತ್ತಾರಾ, ಚುನಾವಣೆ ಆಗುತ್ತದಾ, ಹೆಣ್ಣುಮಕ್ಕಳು ಪದಾಧಿಕಾರಿಗಳಾಗಿದ್ದಾರಾ? ಈ ಮೂರು ಕೇಳಿ ಸೇರಿ. ಈಗಿರುವ ಸಂಘದಲ್ಲಿ ಮೂರೂ ಇದೆ, ನೆಮ್ಮದಿಯಾಗಿದ್ದೇನೆ.

ಗೋಕಾಕದಿಂದ, ಶಾಲೆಯ ಕ್ಲರ್ಕ್

ನಾವು ಲೆಕ್ಕ ಬರೆಯುವವರು, ಅದಕ್ಕೇ ಲೆಕ್ಕದ ಮಾತೇ ಹೇಳುತ್ತೇನೆ. ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಶಿಕ್ಷಕರಿಗಿಲ್ಲ ಅಂತ ಈಗಲೂ ಸುಳ್ಳು ಹೇಳುತ್ತಾರೆ. 2009ರಲ್ಲಿ ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಮಾಡಿದರು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು, 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 5 ವರ್ಷ ಸತತ ಸೇವೆ ಆಗಿದ್ದರೆ ವರ್ಷಕ್ಕೆ 15 ದಿನದ ಪಗಾರ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ನಿಮ್ಮ 18,000ಕ್ಕೆ 7 ವರ್ಷಕ್ಕೆ ಸುಮಾರು 72,690 ರೂಪಾಯಿ. 11,000 ಹಿಡಿದರೆ 44,420 ಅಷ್ಟೇ. ಅದಕ್ಕೇ ಬ್ಯಾಂಕಿಗೆ ಬಿದ್ದ ಅಂಕಿಯನ್ನು ಬಿಡಬೇಡಿ, ಅದೇ ನಿಮ್ಮ ಪಗಾರ.

ಪಿಎಫ್ ಪಾಸ್‌ಬುಕ್ಕನ್ನು ಉಮಂಗ್ ಆ್ಯಪ್‌ನಲ್ಲಿ ಇವತ್ತೇ ತೆಗೆದು ನೋಡಿ. ನಿಮ್ಮ ಪಾಲು ಶೇ 12, ಶಾಲೆಯ ಪಾಲು ಶೇ 12. ಎಷ್ಟು ಪಗಾರದ ಮೇಲೆ ಕಟ್ಟಿದ್ದಾರೆ ಅಂತ ಅಲ್ಲೇ ತಿಳಿಯುತ್ತದೆ.

ಮನವಿ ಕೊಟ್ಟರೆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಜಿಲ್ಲೆಯ ಉಪನಿರ್ದೇಶಕರು (ಡಿಡಿಪಿಐ) ಇಬ್ಬರಿಗೂ ಕೊಡಿ, ಇನ್ನೊಂದು ಪ್ರತಿ ಧಾರವಾಡದಲ್ಲಿರುವ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿಗೆ. ಸ್ವೀಕೃತಿ ಸೀಲು ಇಲ್ಲದೆ ಎದ್ದು ಬರಬೇಡಿ.

ವಿಜಯಪುರ ಜಿಲ್ಲೆಯ ಇಂಡಿಯಿಂದ

ನಾನು ಶಿಕ್ಷಕಿ ಅಲ್ಲ. ನನ್ನ ಅವ್ವ ಬಿಸಿಯೂಟದ ಅಡುಗೆಯವಳು. ಚಳಿಗಾಲದ ಅಧಿವೇಶನ ಬಂದರೆ ಗೌರವಧನ ಹೆಚ್ಚಿಸಿ ಅಂತ ಕೇಳಲು ಅವರ ಸಂಘದವರು ಬೆಳಗಾವಿ ಸುವರ್ಣಸೌಧಕ್ಕೆ ಹೋಗುತ್ತಾರೆ. ಹಿಂದಿನ ರಾತ್ರಿ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿಕೊಂಡು, ಎರಡು ಕೌದಿ ಹಿಡಿದು ಹೊರಡುತ್ತಾರೆ. ಅವ್ವನಿಗೆ ಓದಲು ಬರುವುದಿಲ್ಲ. ಆದರೆ ತನ್ನ ಬೇಡಿಕೆ ಪತ್ರದ ಒಂದೊಂದು ಸಾಲೂ ಬಾಯಲ್ಲಿದೆ. ಸರ್, ನೀವು ಗಣಿತ ಕಲಿಸುವವರು. ಹೆದರಬೇಡಿ.

ಕೇಳಿದವನು, ಎರಡು ವಾರದ ನಂತರ

ಎಲ್ಲರಿಗೂ ಶರಣು. ಭಾನುವಾರ ನಮ್ಮ ಬಸ್ ಡ್ರೈವರ್ ಮನೆಯಲ್ಲಿ ಸೇರಿದ್ದೆವು. ಆಯಾ ಇಬ್ಬರು, ಕ್ಲರ್ಕ್, ಶಿಕ್ಷಕರು ಸೇರಿ 11 ಜನ. ಪಾಸ್‌ಬುಕ್‌ಗಳನ್ನು ಜಮಖಾನೆಯ ಮೇಲೆ ಸಾಲಾಗಿ ಬಿಡಿಸಿಟ್ಟೆವು. ಮೊತ್ತ ಬೇರೆ ಬೇರೆ, ತಾರೀಖು ಮಾತ್ರ ಒಂದೇ. ಸಮಾಜ ವಿಜ್ಞಾನದ ಮೇಡಂ ಒಂದೊಂದೇ ತಾರೀಖು ಓದುತ್ತಾ ಹೋದರು, ನಾನು ಬರೆದುಕೊಂಡೆ. ಜುಲೈಗೆ ಬರುವಷ್ಟರಲ್ಲಿ ಅವರ ದನಿ ನಡುಗಿತು. ಆಯಾ ಒಬ್ಬರಿಂದ 2,000 ತೆಗೆದುಕೊಂಡಿದ್ದರು, ಅವರ ಪೂರ್ತಿ ಪಗಾರವೇ 6,500. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮನವಿಗೆ 11 ಸಹಿ ಬಿದ್ದಿದೆ. ಮೊದಲ ಸಹಿ ಆ ಆಯಾ ಅವರದು. ಸೋಮವಾರ ಬಿಇಒ ಕಚೇರಿಗೆ ಹೋಗುತ್ತೇವೆ, ಎಲ್ಲರೂ.