ಮೆಲಟೋನಿನ್‌ನಿಂದ ನಿದ್ದೆ ಬಂತು, ತಲೆನೋವೂ ಇಳಿಯಿತು, ಡಾಕ್ಟರ್ ಮಾತ್ರ ನಂಬುತ್ತಿಲ್ಲ

ಹೊರಳಾಟ:
ನನಗೆ ರಾತ್ರಿ ನಿದ್ದೆ ಹತ್ತುವುದು ಯಾವತ್ತೂ ತಡ. ಹನ್ನೊಂದಕ್ಕೆ ದೀಪ ಆರಿಸಿದರೂ ಎರಡು ಗಂಟೆಯವರೆಗೆ ಆ ಮಗ್ಗುಲು ಈ ಮಗ್ಗುಲು. ನಿದ್ದೆ ಕೆಟ್ಟ ಮಾರನೇ ದಿನ ಎಡಗಣ್ಣಿನ ಹಿಂದೆ ನೋವು ಶುರುವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೆಳಕು ಕಂಡರಾಗದು, ಯಾರಾದರೂ ಮಾತಾಡಿಸಿದರೆ ಸಿಟ್ಟು. ಇದು ಮೈಗ್ರೇನ್ ಅಂತ ಡಾಕ್ಟರೇ ಹೇಳಿದ್ದಾರೆ.

ಕೆಲವು ತಿಂಗಳಿಂದ ಮಲಗುವಾಗ 3 ಎಂಜಿ ಮೆಲಟೋನಿನ್ (ನಿದ್ದೆಯ ಹಾರ್ಮೋನಿನ ಮಾತ್ರೆ) ತೆಗೆದುಕೊಳ್ಳುತ್ತಿದ್ದೇನೆ. ನಿದ್ದೆ ಮೊದಲಿಗಿಂತ ಬೇಗ ಬರುತ್ತಿದೆ. ತಲೆನೋವೂ ಕಡಿಮೆಯಾಗಿದೆ. ಮೊನ್ನೆ ಇದನ್ನು ಡಾಕ್ಟರ್‌ಗೆ ಹೇಳಿದರೆ ಅವರು ಸಣ್ಣಗೆ ನಕ್ಕು, "ನಿದ್ದೆಗೇ ಅದರಿಂದ ಲಾಭ ಅಷ್ಟಕ್ಕಷ್ಟೆ, ಇನ್ನು ತಲೆನೋವಿಗೇನು, ನಿಮ್ಮ ನಂಬಿಕೆ ಕೆಲಸ ಮಾಡ್ತಿದೆ ಬಿಡಿ" ಅಂದರು. ನಿಲ್ಲಿಸಿ ಅಂತಲೂ ಹೇಳಲಿಲ್ಲ. ಅದರ ಬದಲು ಮೈಗ್ರೇನ್ ಬಾರದಂತೆ ತಡೆಯಲು ಕೊಡುವ ಅಮಿಟ್ರಿಪ್ಟಿಲಿನ್ ಬರೆದುಕೊಡಲಾ ಅಂತ ಕೇಳಿದರು. ಅದನ್ನು ಹಿಂದೊಮ್ಮೆ ನುಂಗಿದ್ದೇನೆ. ಬಾಯಿ ಒಣಗುತ್ತಿತ್ತು, ತೂಕ ಏರಿತು, ಬೆಳಗ್ಗೆ ಎಬ್ಬಿಸಿದರೂ ಏಳಲಾಗುತ್ತಿರಲಿಲ್ಲ.

ಡಾಕ್ಟರ್ ಮಾತು ಮೀರುವ ಇರಾದೆ ಇಲ್ಲ. ಆದರೆ ಹಿಡಿಸಿದ್ದನ್ನು ಬಿಡುವುದಕ್ಕೂ ಮನಸ್ಸಿಲ್ಲ. ತಲೆನೋವಿಗೆ ಇದನ್ನು ತೆಗೆದುಕೊಂಡವರು ಯಾರಾದರೂ ಇದ್ದೀರಾ?

ಅರೆತಲೆ:
ಇದ್ದೇನೆ. ನನಗೂ ಸ್ವಲ್ಪ ಕಡಿಮೆಯಾಯಿತು. ಆದರೆ ನಿಮಗೂ ನನಗೂ ಕಡಿಮೆಯಾಯಿತು ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ, ಅಲ್ವಾ? ಮೈಗ್ರೇನ್ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನಾವು ಹೊಸ ಮಾತ್ರೆ ಹುಡುಕಿಕೊಂಡು ಹೋಗುವುದು ತೀರಾ ಕಾಟ ಕೊಟ್ಟಾಗ. ಆಮೇಲೆ ಅದು ಹೇಗೂ ಇಳಿಯುತ್ತದೆ, ಹೆಸರು ಮಾತ್ರೆಗೆ ಬರುತ್ತದೆ.

ಹಾಗಂತ ನಿಮ್ಮ ಡಾಕ್ಟರ್ ನಕ್ಕಷ್ಟು ಬುಡವಿಲ್ಲದ ಮಾತೂ ಅಲ್ಲ ಇದು. ಬ್ರೆಜಿಲ್‌ನಲ್ಲಿ ಮೈಗ್ರೇನ್ ಇರುವವರ ಮೇಲೆ ಒಂದು ಪ್ರಯೋಗ ನಡೆದಿತ್ತು, 2016ರಲ್ಲಿ ಪ್ರಕಟವಾಯಿತು. ಕೆಲವರಿಗೆ 3 ಎಂಜಿ ಮೆಲಟೋನಿನ್, ಕೆಲವರಿಗೆ 25 ಎಂಜಿ ಅಮಿಟ್ರಿಪ್ಟಿಲಿನ್, ಉಳಿದವರಿಗೆ ಮದ್ದೇ ಇಲ್ಲದ ಪ್ಲಸೀಬೊ ಮಾತ್ರೆ, ಮೂರು ತಿಂಗಳು. ಮೆಲಟೋನಿನ್ ಪ್ಲಸೀಬೊಗಿಂತ ಚೆನ್ನಾಗಿ ಕೆಲಸ ಮಾಡಿತು, ಅಮಿಟ್ರಿಪ್ಟಿಲಿನ್‌ಗೆ ಹೆಚ್ಚುಕಡಿಮೆ ಸಮನಾಗಿತ್ತು, ಅಡ್ಡಪರಿಣಾಮವೂ ಕಡಿಮೆ. ನೀವು ತೆಗೆದುಕೊಳ್ಳುತ್ತಿರುವುದೂ 3 ಎಂಜಿ, ಡಾಕ್ಟರ್ ಕೊಡುತ್ತೇನೆ ಅಂದದ್ದೂ ಅದೇ ಅಮಿಟ್ರಿಪ್ಟಿಲಿನ್!

ಇನ್ನೊಂದು ಮಗ್ಗುಲೂ ಇದೆ. 2010ರಲ್ಲಿ ನಾರ್ವೆಯವರ ಪ್ರಯೋಗ ಬಂತು. ನಿಧಾನವಾಗಿ ಕರಗುವ 2 ಎಂಜಿ ಮಾತ್ರೆ, ಎಂಟು ವಾರ. ತಲೆನೋವು ಇಳಿಯಿತು, ಆದರೆ ಪ್ಲಸೀಬೊ ತಿಂದಾಗಲೂ ಅಷ್ಟೇ ಇಳಿಯಿತು. ನಿಮ್ಮ ಡಾಕ್ಟರ್ ತಲೆಯಲ್ಲಿ ಇರುವುದು ಇಂಥದ್ದೇ ಇರಬೇಕು. "ನಂಬಿಕೆ" ಅಂದದ್ದು ನಿಮ್ಮನ್ನು ಹೀಯಾಳಿಸಲು ಅಲ್ಲ. ತಲೆನೋವಿನಲ್ಲಿ ಪ್ಲಸೀಬೊ ನಿಜವಾಗಿಯೂ ಜೋರಾಗಿ ಕೆಲಸ ಮಾಡುತ್ತದೆ.

ಫಾರ್ಮಸಿ ಕೌಂಟರ್:
ನಾನು ಫಾರ್ಮಸಿಸ್ಟ್. ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದಕ್ಕಿಂತ ಮುಂಚೆ ನನ್ನ ಪ್ರಶ್ನೆ, ನೀವು ನುಂಗುತ್ತಿರುವುದು ನಿಜಕ್ಕೂ 3 ಎಂಜಿಯೇನಾ? ಬ್ರಿಟನ್‌ನಲ್ಲಿ ಮೆಲಟೋನಿನ್‌ಗೆ ಡಾಕ್ಟರ್ ಚೀಟಿ ಬೇಕು. ಅಮೆರಿಕದಲ್ಲಿ ವಿಟಮಿನ್ ತರಹ ಸಪ್ಲಿಮೆಂಟ್ ಅಂತ ಮಾರುತ್ತಾರೆ, ಔಷಧಿಗೆ ಇರುವಷ್ಟು ತಪಾಸಣೆ ಅದಕ್ಕಿಲ್ಲ. 2017ರಲ್ಲಿ ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ತೆಗೆದುಕೊಂಡು ಪರೀಕ್ಷೆ ಮಾಡಿದರು. ಒಂದರಲ್ಲಿ ಲೇಬಲ್ ಮೇಲೆ ಬರೆದದ್ದಕ್ಕಿಂತ 83 ಶೇಕಡಾ ಕಡಿಮೆ, ಇನ್ನೊಂದರಲ್ಲಿ 478 ಶೇಕಡಾ ಜಾಸ್ತಿ. ಕೆಲವದರಲ್ಲಿ ಸೆರೊಟೋನಿನ್ ಅನ್ನುವ ಮಿದುಳಿನ ಇನ್ನೊಂದು ರಾಸಾಯನಿಕ ಕೂಡ ಸಿಕ್ಕಿತು, ಅದು ಅಲ್ಲಿರಲೇಬಾರದು. ಹಾಗಾಗಿ ಬಾಟಲಿ ಬದಲಾಯಿಸಿದಾಗ "ಈ ಸಲ ಯಾಕೋ ಹಿಡಿಸಲಿಲ್ಲ" ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ.

ಬೇರೆ ಮಾತ್ರೆ ಏನಾದರೂ ನಡೆಯುತ್ತಿದೆಯಾ? ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್ ಜೊತೆ ಬೇಡವೇ ಬೇಡ, ಲಿವರ್ ಮೆಲಟೋನಿನ್ ಕರಗಿಸುವುದನ್ನೇ ಅದು ತಡೆಯುತ್ತದೆ, ರಕ್ತದಲ್ಲಿ ಮಟ್ಟ ಸಿಕ್ಕಾಪಟ್ಟೆ ಏರುತ್ತದೆ. ಗರ್ಭನಿರೋಧಕ ಮಾತ್ರೆಯಿಂದಲೂ ಏರಬಹುದು. ರಕ್ತ ತೆಳುಮಾಡುವ ವಾರ್ಫರಿನ್, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ಇದ್ದರೆ ಡಾಕ್ಟರ್‌ಗೆ ಹೇಳದೆ ಮುಟ್ಟಬೇಡಿ. ನುಂಗಿದ ಮೇಲೆ ನಾಲ್ಕೈದು ಗಂಟೆ ಗಾಡಿ ಓಡಿಸಬೇಡಿ. ಅಂದಹಾಗೆ ಮೆಲಟೋನಿನ್‌ನ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ತಲೆನೋವೂ ಇದೆ.

ಇನ್ನೊಂದು, ಇದಕ್ಕೆ ಸರಿಯಾಗಿ ಉತ್ತರ ಕೊಡಿ. ನೋವಿನ ಮಾತ್ರೆ ಎಷ್ಟು ನುಂಗುತ್ತೀರಿ? ಪ್ಯಾರಸಿಟಮಾಲ್, ಐಬುಪ್ರೊಫೆನ್ ತರಹದ್ದು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಜಾಸ್ತಿ, ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ನುಂಗುವ ಮದ್ದು) ಅಥವಾ ಎರಡು ಮೂರು ಮದ್ದು ಸೇರಿಸಿದ ಮಾತ್ರೆಯಾದರೆ 10 ದಿನ, ಹೀಗೆ ಮೂರು ತಿಂಗಳು ದಾಟಿದರೆ ಆ ಮಾತ್ರೆಯೇ ತಲೆನೋವು ತರಿಸುತ್ತದೆ. ಆಗ ನಿಮ್ಮ ನೋವು ಕಡಿಮೆಯಾದದ್ದು ಮೆಲಟೋನಿನ್‌ನಿಂದಲೋ, ನಿದ್ದೆ ಬಂದು ನೋವಿನ ಮಾತ್ರೆ ತಪ್ಪಿದ್ದರಿಂದಲೋ ಹೇಳುವುದು ಕಷ್ಟ.

ರಾತ್ರಿಗೂಬೆ:
ಎಲ್ಲರೂ ತಲೆನೋವು ಹಿಡಿದುಕೊಂಡಿದ್ದೀರಿ. ನನಗೆ ಕಣ್ಣಿಗೆ ಬಿದ್ದದ್ದು "ಎರಡು ಗಂಟೆಯವರೆಗೆ" ಅನ್ನುವ ಮಾತು. ಹೊರಳಾಟ ಅವರೇ, ರಜೆಯಲ್ಲಿ ಅಲಾರಂ ಇಲ್ಲದೆ ಮಲಗಿದರೆ ಹೇಗೆ? ಎರಡಕ್ಕೆ ಮಲಗಿ ಹತ್ತಕ್ಕೆ ಎದ್ದು ಹಾಯಾಗಿ ಇರುತ್ತೀರಾ?

ಹೌದು ಅಂದರೆ ನಿಮ್ಮದು ನಿದ್ದೆ ಬಾರದ ಕಾಯಿಲೆಯೇ ಅಲ್ಲದಿರಬಹುದು, ದೇಹದ ಗಡಿಯಾರ ತಡವಾಗಿ ಓಡುತ್ತಿರಬಹುದು. ನನ್ನದು ಹಾಗೇ. ಇಲ್ಲೇ ಡಾಕ್ಟರ್ ಒಂದು ಹೇಳುತ್ತಾರೆ, ನೀವು ಇನ್ನೊಂದು ಹೇಳುತ್ತೀರಿ, ಇಬ್ಬರದ್ದೂ ಸರಿ. ಮಾಮೂಲಿ ನಿದ್ದೆಗೇಡಿಗೆ ಮೆಲಟೋನಿನ್ ಲಾಭ ನಿಜಕ್ಕೂ ಚಿಕ್ಕದು. 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ನಿದ್ದೆ ಬೇಗ ಬಂದದ್ದು ಸರಾಸರಿ 7 ನಿಮಿಷ, ಅಷ್ಟೇ. ಅಮೆರಿಕದ ನಿದ್ದೆ ತಜ್ಞರ ಅಕಾಡೆಮಿ 2017ರಲ್ಲಿ ನಿದ್ದೆಗೇಡಿಗೆ ಇದು ಬೇಡ ಅಂತಲೇ ಸಲಹೆ ಕೊಟ್ಟಿತು. ಆದರೆ ಅದೇ ಅಕಾಡೆಮಿ 2015ರಲ್ಲಿ, ಗಡಿಯಾರ ತಡವಾದವರಿಗೆ ಹೊತ್ತು ನೋಡಿ ಕೊಡಬಹುದು ಅಂದಿತ್ತು.

ಏಕೆಂದರೆ ಇದು ಹೊಡೆದು ಮಲಗಿಸುವ ಮಾತ್ರೆಯಲ್ಲ. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ "ರಾತ್ರಿಯಾಯಿತು" ಅಂತ ಕೂಗಿ ಹೇಳುವ ಹಾರ್ಮೋನು. ಆ ಕೂಗು ನಿಮಗೆ ತಡವಾಗಿ ಕೇಳುತ್ತಿದೆ, ಮಾತ್ರೆ ಅದನ್ನು ಬೇಗ ಕೇಳಿಸುತ್ತದೆ. ಹಾಗಾಗಿ ಮಲಗುವ ಹೊತ್ತಿಗೆ ನುಂಗಿದರೆ ಅರ್ಧ ಕೆಲಸ. ಗಡಿಯಾರ ಹಿಂದಕ್ಕೆ ಎಳೆಯಬೇಕಾದರೆ ಮಲಗುವುದಕ್ಕೆ ಕೆಲವು ಗಂಟೆ ಮುಂಚೆ ಬೇಕು, ಅದಕ್ಕೆ ಅರ್ಧ ಎಂಜಿಯೂ ಸಾಕಾಗಬಹುದು. ಮಾತ್ರೆ ನುಂಗಿ ಟ್ಯೂಬ್‌ಲೈಟ್ ಕೆಳಗೆ ಫೋನ್ ಹಿಡಿದು ಕೂತರೆ ಸುಮ್ನೆ ವೇಸ್ಟ್, ಬೆಳಕು ಅದಕ್ಕೆ ವಿರುದ್ಧ ಎಳೆಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ಬಿಸಿಲಿಗೆ ಮುಖ ಕೊಡಿ.

ಹೊರಳಾಟ:
ರಜೆಯಲ್ಲಿ ಹತ್ತಲ್ಲ, ಹತ್ತೂವರೆ! ತಲೆನೋವೂ ಆ ದಿನಗಳಲ್ಲಿ ಅಪರೂಪ. ಇದನ್ನು ಡಾಕ್ಟರ್ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೋವಿನ ಮಾತ್ರೆ ವಾರಕ್ಕೆ ಒಂದೋ ಎರಡೋ, ಬೇರೆ ಮದ್ದೇನೂ ಇಲ್ಲ. ಹಾಗಾದರೆ ಮುಂದಿನ ಸಲ ಅವರ ಹತ್ತಿರ ಹೋದಾಗ ಏನು ತೋರಿಸಲಿ? "ಕಡಿಮೆಯಾಗಿದೆ" ಅಂದರೆ ಮತ್ತೆ ನಗುತ್ತಾರೆ.

ಅರೆತಲೆ:
ಬರೆದದ್ದನ್ನು ತೋರಿಸಿ. ನನ್ನ ಪುಸ್ತಕದಲ್ಲಿ ಒಂದು ಸಾಲು ಹೀಗಿರುತ್ತದೆ: "ಮಂಗಳವಾರ. ಮಾತ್ರೆ 9:30. ದೀಪ ಆರಿಸಿದ್ದು 11. ಎದ್ದದ್ದು 6:30. ನೋವು ಮಧ್ಯಾಹ್ನ, ಹತ್ತಕ್ಕೆ ನಾಲ್ಕು. ನೋವಿನ ಮಾತ್ರೆ ಇಲ್ಲ." ನೋವಿಲ್ಲದ ದಿನವೂ ಬರೆಯಬೇಕು, ಜನ ಬಿಡುವುದು ಅದನ್ನೇ. ಹೀಗೆ ಒಂದೆರಡು ತಿಂಗಳು ಮೆಲಟೋನಿನ್ ಇಟ್ಟುಕೊಂಡು, ಆಮೇಲೆ ಡಾಕ್ಟರ್‌ಗೆ ಹೇಳಿಯೇ ಅಷ್ಟೇ ದಿನ ಬಿಟ್ಟು ಬರೆಯಿರಿ. ಬಿಟ್ಟಾಗ ನೋವು ಮತ್ತೆ ಏರಿದರೆ ಅವರೂ ಕುಳಿತು ನೋಡುತ್ತಾರೆ. ಏರದಿದ್ದರೆ ಒಂದು ಮಾತ್ರೆ ಉಳಿಯಿತು. ರಜೆಯ ವಿಷಯ ಮಾತ್ರ ಮೊದಲ ಸಾಲಲ್ಲೇ ಬರೆದುಕೊಂಡು ಹೋಗಿ.

ಬೆಳಗಿನ ಭಾರ:
ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೆ ನಿದ್ದೆ ಬೇಗ ಬರುತ್ತದೆ, ಆದರೆ ಬೆಳಗ್ಗೆ ಏಳುವಾಗಲೇ ತಲೆ ಭಾರ, ಹಗಲೆಲ್ಲ ತೂಕಡಿಕೆ. ಗೊರಕೆ ಜಾಸ್ತಿ ಅಂತ ಮನೆಯವರ ದೂರು. ನಾನೂ 3 ಎಂಜಿ ಶುರು ಮಾಡಲಾ?

ಫಾರ್ಮಸಿ ಕೌಂಟರ್:
ಬೇಡ. ನಿಮ್ಮದು ಬೇರೆಯದೇ ಕಥೆ. ಗೊರಕೆ, ಏಳುವಾಗಲೇ ತಲೆನೋವು, ಹಗಲು ತೂಕಡಿಕೆ, ಈ ಮೂರೂ ಒಟ್ಟಿಗೆ ಬಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ಮೆಲಟೋನಿನ್ ಮದ್ದಲ್ಲ, ಮೊದಲು ನಿದ್ದೆ ಪರೀಕ್ಷೆ ಆಗಬೇಕು, ಬಿಪಿಯನ್ನೂ ನೋಡಿಸಿ. ರಾತ್ರಿ ಗೊರಕೆ ನಡುವೆ ಸದ್ದು ನಿಂತು ಆಮೇಲೆ ಏದುಸಿರು ಬಿಡುತ್ತೀರಾ ಅಂತ ಮನೆಯವರನ್ನು ಕೇಳಿ, ಅದನ್ನು ಡಾಕ್ಟರ್‌ಗೆ ಹಾಗೇ ಹೇಳಿ.