ದುಬಾರಿ ಸಿಗಾರ್ ತನ್ನ ಬೆಲೆಗೆ ತಕ್ಕದ್ದೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ

ದುಬೈನಲ್ಲಿರುವ ನಮ್ಮ ಭಾವ ಕ್ಯೂಬಾದ ಕೊಹಿಬಾ ರೊಬುಸ್ಟೊ ಸಿಗಾರ್‌ಗಳ ಪೆಟ್ಟಿಗೆಯೊಂದನ್ನು ಕೊಂಡಿದ್ದಾರೆ. ನಾನು ಅಲ್ಲಿಗೆ ಹೋದಾಗ ಇಬ್ಬರೂ ಕೂತು ಸವಿಯೋಣ ಎಂದಿದ್ದಾರೆ. ಅದೇ ಅಂಗಡಿಯಲ್ಲಿ ನಿಕರಾಗುವಾದ ಪಡ್ರೋನ್ 1964 ಆನಿವರ್ಸರಿ ಬಹಳ ಕಡಿಮೆ ಬೆಲೆಗೆ ಸಿಗುತ್ತದಂತೆ. ಸಿಗಾರ್ ಸೇದಿದ್ದು ಅಪರೂಪವಾದ್ದರಿಂದ, ಇದು ಘಾಟು, ಅದು ಸೌಮ್ಯ ಎಂಬುದರಾಚೆಗೆ ವ್ಯತ್ಯಾಸ ಹಿಡಿಯುವುದು ನನಗೆ ತಿಳಿಯದು. ಏನನ್ನು ಗಮನಿಸಬೇಕು? ಕೊಟ್ಟ ಹಣಕ್ಕೆ ತಕ್ಕ ವಸ್ತು ಎಂದು ಯಾವ ಆಧಾರದ ಮೇಲೆ ಹೇಳಬಹುದು?

ಉತ್ತರ 1

ಮೊದಲು ಬೆಲೆಯನ್ನೂ ಗುಣವನ್ನೂ ಬೇರೆಬೇರೆಯಾಗಿ ನೋಡಬೇಕು. 2022ರಲ್ಲಿ ಕ್ಯೂಬಾದ ಸಿಗಾರ್‌ಗಳನ್ನು ಮಾರುವ ಹಬಾನೋಸ್ ಸಂಸ್ಥೆಯು ಕೊಹಿಬಾ ಮತ್ತು ಟ್ರಿನಿಡಾಡ್ ಬ್ರ್ಯಾಂಡ್‌ಗಳ ಬೆಲೆಯನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗ್‌ನ ಮಟ್ಟಕ್ಕೆ ಏರಿಸಿದಾಗ ಹಲವು ದೇಶಗಳಲ್ಲಿ ಅವು ದುಪ್ಪಟ್ಟಿಗಿಂತಲೂ ದುಬಾರಿಯಾದವು. ಎಲೆ ಅದೇ, ಸುತ್ತುವ ಕೈಗಳೂ ಅವೇ. ಹಾಗಾಗಿ ಇಂದಿನ ಬೆಲೆಯಲ್ಲಿ ಹೆಸರಿಗೂ ಅಭಾವಕ್ಕೂ ಸಲ್ಲುವ ಪಾಲು ದೊಡ್ಡದು.

ಹೆಸರಿನ ಹಿಂದೆ ಕೆಲಸವೇ ಇಲ್ಲವೆಂದು ಇದರ ಅರ್ಥವಲ್ಲ. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವ್ಯುಯೆಲ್ಟಾ ಅಬಾಹೊದಲ್ಲಿ ಬೆಳೆದ ಆಯ್ದ ಎಲೆಗಳ ಪೈಕಿ ಸೆಕೊ ಮತ್ತು ಲಿಹೆರೊ ಎಂಬ ಎರಡು ಬಗೆಗಳನ್ನು ಕೊಹಿಬಾಕ್ಕಾಗಿ ಪೀಪಾಯಿಗಳಲ್ಲಿ ಮೂರನೆಯ ಬಾರಿ ಹುದುಗಿಸುತ್ತಾರೆ. ಅದರ ನಯ ಬಹುಮಟ್ಟಿಗೆ ಅಲ್ಲಿಂದಲೇ ಬರುತ್ತದೆ.

ಹಚ್ಚುವ ಮೊದಲು ಸಿಗಾರ್ ಅನ್ನು ಎರಡು ಬೆರಳುಗಳ ನಡುವೆ ತುದಿಯಿಂದ ತುದಿಗೆ ಮೆಲ್ಲಗೆ ಅದುಮುತ್ತ ಹೋಗಿ. ಒಂದೆಡೆ ಗಂಟಿನಂತೆ ಗಟ್ಟಿ, ಮತ್ತೊಂದೆಡೆ ಟೊಳ್ಳು ಎನಿಸಿದರೆ ಒಳಗಿನ ಎಲೆಯನ್ನು ಸಮನಾಗಿ ತುಂಬಿಲ್ಲ ಎಂದರ್ಥ. ಹೊದಿಕೆ ಎಲೆಯ ಮೇಲೆ ತೆಳುವಾದ ಎಣ್ಣೆಯ ಹೊಳಪಿದ್ದು ನರಗಳು ಸಣ್ಣವಾಗಿರಬೇಕು. ತಲೆಯನ್ನು, ಅಂದರೆ ಬಾಯಿಗಿಡುವ ತುದಿಯನ್ನು ಕತ್ತರಿಸಿ, ಬೆಂಕಿ ತಾಗಿಸದೆ ಒಮ್ಮೆ ಎಳೆದು ನೋಡಿ: ಗಾಳಿ ಸಣ್ಣ ತಡೆಯೊಂದಿಗೆ ಸರಾಗವಾಗಿ ಬರಬೇಕು, ಒಣಹುಲ್ಲಿನ ಅಥವಾ ಕೋಕೋದ ಕಂಪು ನಾಲಿಗೆಗೆ ತಿಳಿಯಬೇಕು.

ಹಚ್ಚಿದ ಮೇಲೆ ನಿಮಿಷಕ್ಕೊಂದು ಎಳೆತ ಸಾಕು. ಆತುರಪಟ್ಟರೆ ಸಿಗಾರ್ ಕಾದು ಕಹಿಯಾಗುತ್ತದೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಲ್ಲಿಟ್ಟು, ಅದರ ಸ್ವಲ್ಪ ಭಾಗವನ್ನು ಮೂಗಿನಿಂದ ಹೊರಬಿಡಿ, ಏಕೆಂದರೆ ನಾವು ರುಚಿ ಎನ್ನುವ ಬಹುಪಾಲು ವಿವರಗಳು ಮೂಗಿಗೇ ಗೊತ್ತಾಗುವುದು. ಮೂರು ಭಾಗಗಳಾಗಿ ಗಮನಿಸಿ. ಮೊದಲಿನ ಮೂರನೇ ಒಂದು ಭಾಗದ ಸಿಹಿ, ನಡುವೆ ಮರದ ಅಥವಾ ಕಾಫಿಯ ಛಾಯೆಗೆ ತಿರುಗಿ, ಕೊನೆಯಲ್ಲಿ ಮೆಣಸಿನ ಖಾರ ಹತ್ತಿದರೆ ಆ ಸಿಗಾರ್‌ನಲ್ಲಿ ಹೇಳಲು ಏನೋ ಇದೆ. ಮೊದಲಿನಿಂದ ಕೊನೆಯವರೆಗೆ ಒಂದೇ ರುಚಿಯಾದರೆ, ಅದು ಹಿತವಾಗಿದ್ದರೂ, ಅಷ್ಟು ದೊಡ್ಡ ಬೆಲೆಯನ್ನು ನಾನು ಒಪ್ಪುವುದಿಲ್ಲ.

ಉತ್ತರ 2

ನಮ್ಮದು ಹುಣಸೂರು ಕಡೆಯ ಹೊಗೆಸೊಪ್ಪು ಬೆಳೆಯುವ ಮನೆ. ಎಲೆ ಒಣಗಿಸುವ ನಮ್ಮ ಬ್ಯಾರನ್‌ನಲ್ಲಿ ಬಿಸಿಗಾಳಿ ಕೊಟ್ಟು ಒಂದು ವಾರದೊಳಗೆ ಎಲೆ ಹದ ಮಾಡುವುದರಿಂದ ಅದರ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಬಣ್ಣ ಹಳದಿಯಾಗುತ್ತದೆ. ಆ ಸೊಪ್ಪು ಸಿಗರೇಟಿಗೆ ಹೋಗುತ್ತದೆ. ಸಿಗಾರ್‌ನ ಎಲೆಯನ್ನು ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ತೂಗುಹಾಕಿ, ಆಮೇಲೆ ರಾಶಿ ಹಾಕಿ ಹುದುಗಿಸಿ, ಒಳಗಿನ ಕಾವು ಏರಿದಂತೆಲ್ಲ ರಾಶಿ ಬಿಚ್ಚಿ ಎಲೆ ತಿರುವಿಹಾಕುತ್ತಾರೆ. ಆ ಕಾವಿನಲ್ಲಿ ಅಮೋನಿಯಾ ಹೊರಟುಹೋಗಬೇಕು. ಹೋಗಿರದಿದ್ದರೆ ಸೇದುವಾಗ ಮೂಗಿನಲ್ಲಿ ಚುರುಕೆನ್ನುವ ಘಾಟು ಬರುತ್ತದೆ. ಅನೇಕರು ಅದನ್ನೇ ‘ಸ್ಟ್ರಾಂಗ್’ ಎಂದು ಹೊಗಳುವುದನ್ನು ಕೇಳಿದರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಅದು ಎಲೆಯ ಶಕ್ತಿಯಲ್ಲ, ಹದ ಸಾಲದಿರುವುದರ ಗುರುತು. ಪಡ್ರೋನ್ 1964ರ ಎಲೆಗೆ ನಾಲ್ಕು ವರ್ಷ ವಯಸ್ಸಾಗಿರುತ್ತದೆ. ಬೆಲೆಯಲ್ಲಿ ಆ ಕಾಯುವಿಕೆಯ ಪಾಲಿಗೆ ದುಡ್ಡು ಕೊಡಲು ನನ್ನ ತಕರಾರಿಲ್ಲ.

ಇನ್ನೊಂದು ಮಾತು. ಸಿಗಾರ್‌ನ ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯಿಂದಲೇ ರಕ್ತಕ್ಕೆ ಸೇರುತ್ತದೆ. ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್‌ನ ಅಪಾಯ ತಪ್ಪುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕೂರಬೇಡಿ, ತಲೆ ಸುತ್ತುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸಿಗಾರ್‌ನ ಸುತ್ತ ಇರುವ ಹೆಸರಿನ ಕಾಗದದ ಉಂಗುರಪಟ್ಟಿ ತೆಗೆದು, ಯಾವುದು ಯಾವುದೆಂದು ತಿಳಿಯದಂತೆ ಎರಡನ್ನೂ ಸೇದಿ ನೋಡಿದರೆ ನ್ಯಾಯವಾದ ತೀರ್ಪು ಸಿಗುವುದೇ?

ಉತ್ತರ 3

ಆಲೋಚನೆ ಸರಿಯಾದದ್ದೇ, ಆದರೆ ಪಡ್ರೋನ್ 1964 ಅನ್ನು ಅದುಮಿ ಚೌಕಾಕಾರ ಮಾಡಿರುವುದರಿಂದ ಪಟ್ಟಿ ತೆಗೆದರೂ ಬೆರಳಿಗೆ ಗುಟ್ಟು ಗೊತ್ತಾಗಿಬಿಡುತ್ತದೆ. ಕೊಹಿಬಾ ರೊಬುಸ್ಟೊ ದುಂಡಗಿದ್ದು 124 ಮಿಲಿಮೀಟರ್ ಉದ್ದ, ಸುಮಾರು 20 ಮಿಲಿಮೀಟರ್ ದಪ್ಪವಿರುತ್ತದೆ. ಅದರ ಜೊತೆಗೆ ಹೆಚ್ಚುಕಡಿಮೆ ಅದೇ ಅಳತೆಯ, ಡೊಮಿನಿಕನ್ ಗಣರಾಜ್ಯದ ಆರ್ಟುರೊ ಫುಯೆಂಟೆ ಡಾನ್ ಕಾರ್ಲೋಸ್ ರೊಬುಸ್ಟೊ ಇಟ್ಟುಕೊಂಡರೆ ಹೋಲಿಕೆಗೆ ಅರ್ಥ ಬರುತ್ತದೆ. ಎರಡನ್ನೂ ಒಂದೇ ದಿನ ಸೇದಬೇಡಿ, ಎರಡನೆಯದರ ಹೊತ್ತಿಗೆ ನಾಲಿಗೆ ದಣಿದಿರುತ್ತದೆ. ಒಂದೇ ಸಿಗಾರ್ ನೋಡಿ ತೀರ್ಪನ್ನೂ ಕೊಡಬೇಡಿ. ಕೈಯಿಂದ ಸುತ್ತಿದ ವಸ್ತುವಾದ್ದರಿಂದ ಒಂದೇ ಪೆಟ್ಟಿಗೆಯಲ್ಲೂ ಒಂದು ಸಲೀಸಾಗಿ ಉರಿದರೆ ಇನ್ನೊಂದು ಕಟ್ಟಿಕೊಂಡಿರಬಹುದು.

ಅದಕ್ಕೂ ಮೊದಲು ಪೆಟ್ಟಿಗೆಯ ತಳ ನೋಡಿ. ‘ಎಚೊ ಎನ್ ಕೂಬಾ’ (ಕ್ಯೂಬಾದಲ್ಲಿ ತಯಾರಿಸಿದ್ದು), ‘ಟೋಟಾಲ್ಮೆಂಟೆ ಎ ಮಾನೊ’ (ಪೂರ್ತಿಯಾಗಿ ಕೈಯಿಂದಲೇ) ಎಂಬ ಬರಹಗಳನ್ನು ಮರದಲ್ಲೇ ಸುಟ್ಟು ಒತ್ತಿರಬೇಕು. ಅದರ ಬಳಿ ಕಾರ್ಖಾನೆಯ ಸಂಕೇತವೂ ತಿಂಗಳು, ವರ್ಷವೂ ಶಾಯಿಯಲ್ಲಿರುತ್ತವೆ. ಮುಂಭಾಗದ ಹಸಿರು ಖಾತರಿ ಚೀಟಿಯ ಮೇಲೆ ಹಾಲೊಗ್ರಾಮ್ ಮತ್ತು ಬಾರ್‌ಕೋಡ್ ಇರಬೇಕು. ಗಾಜಿನ ಮುಚ್ಚಳದ ಪೆಟ್ಟಿಗೆಯಾಗಿದ್ದರೆ ಅದು ನಕಲಿಯೇ. ಪೆಟ್ಟಿಗೆಗೆ ತುಂಬಿದ ಆ ದಿನಾಂಕ ತೀರ ಇತ್ತೀಚಿನದಾಗಿದ್ದರೆ 65ರಿಂದ 70 ಶೇಕಡಾ ತೇವಾಂಶವಿರುವ ಹ್ಯುಮಿಡಾರ್‌ನಲ್ಲಿ (ತೇವ ಕಾಯುವ ಸಿಗಾರ್ ಪೆಟ್ಟಿಗೆ) ಇನ್ನೊಂದಷ್ಟು ತಿಂಗಳು ಇಡುವಂತೆ ಭಾವನವರಿಗೆ ಹೇಳಿ. ದುಬೈನ ಬೇಸಿಗೆಯಲ್ಲಿ ಕೋಣೆಯ ಉಷ್ಣತೆ 24 ಡಿಗ್ರಿ ದಾಟಲು ಬಿಟ್ಟರೆ ಎಲೆಯೊಳಗೆ ಇರಬಹುದಾದ ಹುಳದ ಮೊಟ್ಟೆಗಳು ಒಡೆದು, ಹೊದಿಕೆಯಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳು ಕಾಣಿಸಿಕೊಳ್ಳುತ್ತವೆ.